ಎಳೆಯರ ಬಾಯಲ್ಲಿ ಹೆಚ್ಚುವರಿ ಹಲ್ಲು, ಹುಟ್ಟದ ಹಲ್ಲು

2019ರ ಜುಲೈ ತಿಂಗಳಲ್ಲಿ ಚೆನ್ನೈನ ಸವೀತಾ ದಂತವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರು ಏಳು ವರ್ಷದ ಬಾಲಕನೊಬ್ಬನ ಕೆಳದವಡೆಯಿಂದ 526 ಹಲ್ಲುಗಳನ್ನು ಹೊರತೆಗೆದರೆಂಬ ಸುದ್ದಿ ದೇಶದ ಎಲ್ಲೆಡೆ ಅಚ್ಚರಿ ಮೂಡಿಸಿತ್ತು. ದವಡೆಯ ಬಲಭಾಗದ ಮೂಳೆಯೊಳಗೆ ಚೀಲದಂತಹ ಗಡ್ಡೆಯೊಂದು ಬೆಳೆದು, ಅದರೊಳಗೆ ಸಾಸಿವೆಯಷ್ಟು ಚಿಕ್ಕವೂ ಸಾಮಾನ್ಯ ಹಲ್ಲಿನಷ್ಟು ದೊಡ್ಡವೂ ಆದ ತುಣುಕುಗಳು ಒತ್ತೊತ್ತಾಗಿ ತುಂಬಿದ್ದವು. ಅದಕ್ಕೂ ಮೊದಲು, 2014ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 17 ವರ್ಷದ ಹುಡುಗನ ದವಡೆಯಿಂದ ಸುಮಾರು ಏಳು ತಾಸುಗಳ ಶಸ್ತ್ರಚಿಕಿತ್ಸೆ ನಡೆಸಿ 232 ಹಲ್ಲುಗಳನ್ನು ತೆಗೆಯಲಾಗಿತ್ತು. ವೈದ್ಯಶಾಸ್ತ್ರವು ಇದನ್ನು ಒಡಾಂಟೋಮಾ ಎಂದು ಕರೆಯುತ್ತದೆ. ಹಲ್ಲನ್ನು ಕಟ್ಟಬೇಕಾದ ಜೀವಕೋಶಗಳು ಲೆಕ್ಕ ತಪ್ಪಿ ಕಟ್ಟುತ್ತಲೇ ಹೋದಾಗ ಉಂಟಾಗುವ ಗಡ್ಡೆಯಿದು. ಕ್ಯಾನ್ಸರ್ ಅಲ್ಲ, ದೇಹದ ಬೇರೆ ಭಾಗಗಳಿಗೆ ಹರಡುವುದೂ ಇಲ್ಲ.

ಸುದ್ದಿಯ ಗದ್ದಲದಲ್ಲಿ ಸಂಖ್ಯೆಯೇ ಎಲ್ಲರ ಕಣ್ಣಿಗೂ ಬಿದ್ದಿತು. ಬಾಲಕನ ಕೆನ್ನೆಯ ಊತವನ್ನು ಪೋಷಕರು ಅವನ ಮೂರನೆಯ ವಯಸ್ಸಿನಲ್ಲಿಯೇ ಗಮನಿಸಿದ್ದರು, ಮಗು ಪರೀಕ್ಷೆಗೆ ಒಪ್ಪದ ಕಾರಣ ಅದು ಹಾಗೆಯೇ ಉಳಿದಿತ್ತು ಎಂಬ ಸಂಗತಿ ಮಾತ್ರ ಹಿಂದೆ ಸರಿಯಿತು. ವಾಸ್ತವವಾಗಿ ಮಕ್ಕಳ ಹಲ್ಲುಗಳ ಬೆಳವಣಿಗೆಯ ದೋಷಗಳ ವಿಷಯದಲ್ಲಿ ಮುಖ್ಯವಾದುದು ಅದೇ. ನೂರಾರು ಹಲ್ಲುಗಳ ಗಡ್ಡೆ ಅತಿ ವಿರಳ. ಆದರೆ ಒಂದು ಹಲ್ಲು ಹೆಚ್ಚಾಗಿರುವುದು, ಒಂದೆರಡು ಹಲ್ಲುಗಳು ಹುಟ್ಟದೇ ಇರುವುದು, ಎರಡು ಹಲ್ಲುಗಳು ಕೂಡಿಕೊಂಡಿರುವುದು, ಹಲ್ಲಿನ ಮೇಲೆ ಕೊಂಬಿನಂತಹ ಮುಳ್ಳು ಮೂಡಿರುವುದು ದಂತವೈದ್ಯರಿಗೆ ಅಪರೂಪದ ದೃಶ್ಯಗಳಲ್ಲ. ಇವುಗಳಲ್ಲಿ ಬಹುಪಾಲು ದೋಷಗಳು ಯಾವ ವಯಸ್ಸಿನಲ್ಲಿ ಕಣ್ಣಿಗೆ ಬಿದ್ದವು ಎಂಬುದರ ಮೇಲೆ ಚಿಕಿತ್ಸೆ ಸುಲಭವೋ ಕಠಿಣವೋ ಎಂಬುದು ನಿಂತಿದೆ.

ಗರ್ಭದಲ್ಲಿಯೇ ಆರಂಭ

ಹಲ್ಲು ಹುಟ್ಟುವುದು ಮಗುವಿಗೆ ಆರೇಳು ತಿಂಗಳಾದಾಗ ಎಂದು ನಾವು ಹೇಳುತ್ತೇವೆ. ಆದರೆ ಅದು ವಸಡನ್ನು ಸೀಳಿ ಹೊರಬರುವ ಕಾಲ ಮಾತ್ರ. ಗರ್ಭಧಾರಣೆಯ ಆರನೆಯ ವಾರದ ಹೊತ್ತಿಗೆ ಭ್ರೂಣದ ಬಾಯಿಯ ಒಳಪೊರೆಯಲ್ಲಿ ಹಲ್ಲಿನ ಪಟ್ಟಿಯೊಂದು ದಪ್ಪಗಟ್ಟುತ್ತದೆ. ಅದರಿಂದ ಮೊಗ್ಗು, ಮೊಗ್ಗಿನಿಂದ ಟೊಪ್ಪಿಗೆ, ಟೊಪ್ಪಿಗೆಯಿಂದ ಗಂಟೆಯಾಕಾರ, ಹೀಗೆ ಹಲ್ಲಿನ ಅಚ್ಚು ಸಿದ್ಧವಾಗುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ ಹಾಲುಹಲ್ಲುಗಳಲ್ಲಿ ಸುಣ್ಣದಂಶ ಸೇರತೊಡಗುತ್ತದೆ. ಆರನೆಯ ವಯಸ್ಸಿನಲ್ಲಿ ಮೂಡುವ ಶಾಶ್ವತ ದವಡೆಹಲ್ಲಿನ ದಂತಕವಚದ ನಿರ್ಮಾಣವಂತೂ ಮಗು ಹುಟ್ಟುವ ಆಸುಪಾಸಿನಲ್ಲಿಯೇ ಆರಂಭವಾಗುತ್ತದೆ.

ಮೊಗ್ಗಿನ ಹಂತದಲ್ಲಿ ತಪ್ಪಿದರೆ ಹಲ್ಲಿನ ಸಂಖ್ಯೆ ಕೆಡುತ್ತದೆ. ಅಚ್ಚಿನ ಹಂತದಲ್ಲಿ ತಪ್ಪಿದರೆ ಆಕಾರ ಕೆಡುತ್ತದೆ. ದಂತಕವಚ ಕಟ್ಟುವಾಗ ತಪ್ಪಿದರೆ ಬಣ್ಣವೂ ಗಟ್ಟಿತನವೂ ಕೆಡುತ್ತವೆ. ಒಮ್ಮೆ ಕಟ್ಟಿ ಮುಗಿದ ದಂತಕವಚವನ್ನು ದೇಹ ಮತ್ತೆ ಕಟ್ಟಲಾರದು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಹಲ್ಲಿನ ಹೊರಕವಚಕ್ಕೆ ಆ ಭಾಗ್ಯವಿಲ್ಲ. ಹೀಗಾಗಿ ಎಳವೆಯ ಒಂದು ಜ್ವರ, ಒಂದು ಔಷಧಿ, ಕುಡಿಯುವ ನೀರಿನ ಒಂದು ದೋಷ ಮುಂದೆ ಜೀವಮಾನವಿಡೀ ಹಲ್ಲಿನ ಮೇಲೆ ಉಳಿಯಬಹುದು.

ಹುಟ್ಟುವಾಗಲೇ ಹಲ್ಲು

ಸುಮಾರು ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದು ಶಿಶು ಹಲ್ಲಿನೊಂದಿಗೇ ಹುಟ್ಟುತ್ತದೆ. 1638ರಲ್ಲಿ ಜನಿಸಿದ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಹುಟ್ಟುವಾಗಲೇ ಎರಡು ಹಲ್ಲುಗಳಿದ್ದವೆಂದು ಇತಿಹಾಸ ದಾಖಲಿಸಿದೆ. ಅಲ್ಲಿ ಅದು ಶುಭಶಕುನವಾಯಿತು. ನಮ್ಮಲ್ಲಿ ಹಾಗಲ್ಲ. ಹಲ್ಲಿನೊಂದಿಗೆ ಹುಟ್ಟಿದ ಮಗು ಮನೆಗೆ ಆಗಿಬಾರದು, ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆ ಕರ್ನಾಟಕದ ಹಲವೆಡೆ ಇಂದಿಗೂ ಇದೆ. ಬಾಣಂತಿಯ ಮುಂದೆಯೇ ಈ ಮಾತು ಆಡುವವರಿಗೂ ಕೊರತೆಯಿಲ್ಲ. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲವೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಆದರೆ ಈ ಭಯದಿಂದ ಹಲ್ಲನ್ನು ಮನೆಯಲ್ಲಿಯೇ ಕಿತ್ತುಹಾಕುವ ಆತುರ ಮಾತ್ರ ನಿಜವಾದ ಅಪಾಯ.

ಇಂತಹ ಹಲ್ಲುಗಳಲ್ಲಿ ಹೆಚ್ಚಿನವು ಕೆಳಗಿನ ಮುಂಬಾಚಿ ಹಲ್ಲುಗಳು. ಇವು ಹೆಚ್ಚುವರಿ ಹಲ್ಲುಗಳೆಂಬ ತಿಳಿವಳಿಕೆ ತಪ್ಪು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅವು ಅವಧಿಗೆ ಮುನ್ನ ಬಂದ ನಿಜವಾದ ಹಾಲುಹಲ್ಲುಗಳೇ ಆಗಿರುತ್ತವೆ. ಕಿತ್ತರೆ ಆ ಜಾಗದಲ್ಲಿ ಮತ್ತೊಂದು ಹಾಲುಹಲ್ಲು ಬಾರದು. ಹಲ್ಲು ತೀರಾ ಸಡಿಲವಾಗಿ, ಕಳಚಿ ಶ್ವಾಸನಾಳಕ್ಕೆ ಜಾರುವಂತಿದ್ದರೆ ಮಾತ್ರ ತೆಗೆಯುವುದು ಅಗತ್ಯ. ಹಲ್ಲಿನ ಅಂಚು ತಾಗಿ ನಾಲಿಗೆಯ ಕೆಳಗೆ ಹುಣ್ಣಾಗುವುದೂ ಉಂಟು. ಆಗ ಅಂಚನ್ನು ಉಜ್ಜಿ ನುಣುಪುಗೊಳಿಸಿದರೆ ಬಹಳಷ್ಟು ಮಕ್ಕಳಿಗೆ ಸಾಕಾಗುತ್ತದೆ. ಹುಟ್ಟಿದ ಮೊದಲ ಹತ್ತು ದಿನಗಳಲ್ಲಿ ಶಿಶುವಿನ ದೇಹದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ಕಡಿಮೆಯಿರುತ್ತದೆ. ಆ ಅವಧಿಯಲ್ಲಿ ಹಲ್ಲು ಕೀಳಲೇಬೇಕಾದರೆ ಆ ಚುಚ್ಚುಮದ್ದು ಕೊಟ್ಟಿದೆಯೇ ಎಂಬುದನ್ನು ವೈದ್ಯರು ಮೊದಲು ಖಚಿತಪಡಿಸಿಕೊಳ್ಳುವುದು ಇದಕ್ಕಾಗಿಯೇ.

ಮುಂಬಾಗಿಲಿಗೆ ಅಡ್ಡ ನಿಂತ ಹಲ್ಲು

ಹೆಚ್ಚುವರಿ ಹಲ್ಲುಗಳಲ್ಲಿ ಅತಿ ಸಾಮಾನ್ಯವಾದುದು ಮೇಲಿನ ಎರಡು ಮುಂಬಾಚಿ ಹಲ್ಲುಗಳ ನಡುವೆ ಬರುವ, ಮೊಳೆಯಂತೆ ಚೂಪಾದ ಹಲ್ಲು. ಇದರ ಹೆಸರು ಮೀಸಿಯೋಡೆನ್ಸ್. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಸುಮಾರು ಇಮ್ಮಡಿ. ಹೊರಗೆ ಮೂಡಿದರೆ ಎಲ್ಲರಿಗೂ ಕಾಣುತ್ತದೆ, ಮನೆಯವರು ವೈದ್ಯರ ಬಳಿಗೆ ಕರೆತರುತ್ತಾರೆ. ತೊಂದರೆಯಿರುವುದು ಹೊರಗೆ ಬಾರದೆ ಮೂಳೆಯೊಳಗೇ ಉಳಿಯುವ, ಕೆಲವೊಮ್ಮೆ ತಲೆಕೆಳಗಾಗಿ ಮೂಗಿನ ಕಡೆಗೆ ಮುಖ ಮಾಡಿ ಕುಳಿತಿರುವ ಹಲ್ಲಿನಿಂದ. ಅದು ಶಾಶ್ವತ ಹಲ್ಲಿನ ದಾರಿಗೆ ಅಡ್ಡ ನಿಲ್ಲುತ್ತದೆ. ಮಗುವಿನ ಹಾಲುಹಲ್ಲು ಬಿದ್ದು ತಿಂಗಳುಗಳು ಕಳೆದರೂ ಹೊಸ ಹಲ್ಲು ಬರುವುದಿಲ್ಲ. 'ತಡವಾಗಿ ಬರುತ್ತದೆ, ಅವನ ಅಪ್ಪನಿಗೂ ಹಾಗೆಯೇ ಆಗಿತ್ತು' ಎಂದು ಮನೆಯವರು ಕಾಯುತ್ತಾರೆ. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿರುತ್ತವೆ.

ಪೋಷಕರು ನೆನಪಿಡಬೇಕಾದ ಅಳತೆ ಸರಳವಾದುದು. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಹಲ್ಲು ಮತ್ತೊಂದು ಬದಿಯಲ್ಲಿ ಬಾರದಿದ್ದರೆ, ಅಥವಾ ನಡುವಿನ ಮುಂಬಾಚಿ ಹಲ್ಲಿಗಿಂತ ಮೊದಲು ಅದರ ಪಕ್ಕದ ಹಲ್ಲು ಬಂದರೆ ಕ್ಷ-ಕಿರಣ ಚಿತ್ರ ತೆಗೆಸಬೇಕು. ಏಳು, ಎಂಟನೆಯ ವಯಸ್ಸಿನಲ್ಲಿ ಅಡ್ಡಿಯಾದ ಹಲ್ಲನ್ನು ತೆಗೆದು ಜಾಗವಿದ್ದರೆ ಹಲವು ಮಕ್ಕಳಲ್ಲಿ ಶಾಶ್ವತ ಹಲ್ಲು ತಾನಾಗಿಯೇ ಇಳಿಯುತ್ತದೆ. ಹನ್ನೆರಡರ ನಂತರ ಬಂದರೆ ಅದೇ ಹಲ್ಲನ್ನು ಶಸ್ತ್ರಕ್ರಿಯೆಯಿಂದ ತೆರೆದು, ತಂತಿ ಕಟ್ಟಿ, ತಿಂಗಳುಗಟ್ಟಲೆ ಎಳೆದು ತರಬೇಕಾದೀತು. ಆದರೆ ಒಳಗೆ ಅಡಗಿರುವ ಹಲ್ಲು ಯಾರಿಗೂ ಅಡ್ಡಿಯಾಗದಿದ್ದಲ್ಲಿ ಏನು ಮಾಡಬೇಕೆಂಬ ಬಗ್ಗೆ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಬೇಗ ತೆಗೆಯುವುದು ಒಳಿತೆಂದು ಕೆಲವರು, ಪಕ್ಕದ ಹಲ್ಲಿನ ಬೇರು ಬೆಳೆಯುವವರೆಗೆ ಕಾಯದಿದ್ದರೆ ಆ ಬೇರಿಗೇ ಪೆಟ್ಟು ಬೀಳಬಹುದೆಂದು ಕೆಲವರು. ಎರಡನೆಯ ಅಭಿಪ್ರಾಯ ಕೇಳಿದರೆ ತಪ್ಪಿಲ್ಲ.

ಒಂದಲ್ಲ, ಹಲವು ಹೆಚ್ಚುವರಿ ಹಲ್ಲುಗಳಿದ್ದರೆ ಮಾತ್ರ ಬಾಯಿಯಾಚೆಗೂ ನೋಡಬೇಕಾಗುತ್ತದೆ. ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ ಎಂಬ ಆನುವಂಶಿಕ ಸ್ಥಿತಿಯಲ್ಲಿ ಕೊರಳೆಲುಬು ಸರಿಯಾಗಿ ಬೆಳೆದಿರುವುದಿಲ್ಲ. ಅಂತಹ ಮಗು ತನ್ನ ಎರಡೂ ಭುಜಗಳನ್ನು ಎದೆಯ ಮುಂದೆ ಬಹುತೇಕ ಒಂದಕ್ಕೊಂದು ತಾಗಿಸಬಲ್ಲದು.

ಹುಟ್ಟದ ಹಲ್ಲುಗಳು

ಬುದ್ಧಿಹಲ್ಲುಗಳನ್ನು ಬಿಟ್ಟು ಲೆಕ್ಕ ಹಾಕಿದರೂ ನೂರರಲ್ಲಿ ಸುಮಾರು ಆರು ಮಂದಿಗೆ ಒಂದಾದರೂ ಶಾಶ್ವತ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಕೆಳದವಡೆಯ ಎರಡನೆಯ ಮುಂದವಡೆ ಹಲ್ಲು ಮತ್ತು ಮೇಲಿನ ಪಕ್ಕದ ಬಾಚಿಹಲ್ಲು ಹೀಗೆ ಇಲ್ಲವಾಗುವುದು ಹೆಚ್ಚು. ಕೆಳಗೆ ಹೊಸ ಹಲ್ಲೇ ಇಲ್ಲದಿರುವಾಗ ಮೇಲಿನ ಹಾಲುಹಲ್ಲಿನ ಬೇರು ಬೇಗ ಕರಗುವುದಿಲ್ಲ. ಅದನ್ನು ಜೋಪಾನ ಮಾಡಿದರೆ ಹಲವು ವರ್ಷ ದುಡಿಯುತ್ತದೆ. 'ಹನ್ನೆರಡು ವರ್ಷವಾದರೂ ಹಾಲುಹಲ್ಲು ಬಿದ್ದಿಲ್ಲ' ಎಂದು ಕ್ಷ-ಕಿರಣ ಚಿತ್ರವಿಲ್ಲದೆ ಅದನ್ನು ಕೀಳಿಸುವುದು ಇದ್ದ ಒಂದನ್ನೂ ಕಳೆದುಕೊಂಡಂತೆ.

ಒಂದೆರಡು ಹಲ್ಲುಗಳ ಕೊರತೆ ಬಹುಮಟ್ಟಿಗೆ ವಂಶದ ಗುಣ. ಆದರೆ ಆರು ಅಥವಾ ಅದಕ್ಕೂ ಹೆಚ್ಚು ಹಲ್ಲುಗಳು ಇಲ್ಲದಿದ್ದರೆ, ಇರುವ ಹಲ್ಲುಗಳೂ ಮೊಳೆಯಾಕಾರದಲ್ಲಿದ್ದರೆ, ಕೂದಲು ವಿರಳವಾಗಿದ್ದರೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಸ್ಥಿತಿಯನ್ನು ವೈದ್ಯರು ಶಂಕಿಸುತ್ತಾರೆ. ಚರ್ಮ, ಕೂದಲು, ಹಲ್ಲು, ಬೆವರುಗ್ರಂಥಿ ಇವೆಲ್ಲ ಭ್ರೂಣದ ಒಂದೇ ಪದರದಿಂದ ಬೆಳೆಯುವುದರಿಂದ ದೋಷವೂ ಒಟ್ಟಾಗಿಯೇ ಕಾಣುತ್ತದೆ.

ಈ ಸ್ಥಿತಿಯ ಹಳೆಯ ವರ್ಣನೆಗಳಲ್ಲೊಂದು ಅವಿಭಜಿತ ಭಾರತದ್ದೇ. ಸಾಕುಪ್ರಾಣಿ ಮತ್ತು ಬೆಳೆಗಳ ವೈವಿಧ್ಯವನ್ನು ಕುರಿತ ತನ್ನ ಗ್ರಂಥದ 1875ರ ಆವೃತ್ತಿಯಲ್ಲಿ ಚಾರ್ಲ್ಸ್ ಡಾರ್ವಿನ್ ಸಿಂಧ್ ಪ್ರಾಂತ್ಯದ ಹಿಂದೂ ಕುಟುಂಬವೊಂದನ್ನು ಉಲ್ಲೇಖಿಸಿದ್ದಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಚಿಕ್ಕ ಬಾಚಿಹಲ್ಲುಗಳೂ ಎಂಟು ದವಡೆಹಲ್ಲುಗಳೂ ಮಾತ್ರ ಇದ್ದವು. ಮೈಮೇಲೆ ಕೂದಲು ತೀರ ಕಡಿಮೆ, ಎಳೆಯ ವಯಸ್ಸಿನಲ್ಲಿಯೇ ಬೋಳುತಲೆ, ಚರ್ಮ ಒಣಗಿದ್ದುದರಿಂದ ಬೇಸಿಗೆಯ ಸೆಕೆ ಅವರಿಗೆ ಅಸಹನೀಯ. ಹೆಣ್ಣುಮಕ್ಕಳಿಗೆ ಈ ದೋಷ ಕಾಣಿಸದಿದ್ದರೂ ಅವರು ಅದನ್ನು ತಮ್ಮ ಗಂಡುಮಕ್ಕಳಿಗೆ ದಾಟಿಸುತ್ತಾರೆ, ತಂದೆಯಿಂದ ಮಗನಿಗೆ ಮಾತ್ರ ಹೋದ ನಿದರ್ಶನವಿಲ್ಲ ಎಂದೂ ಡಾರ್ವಿನ್ ಗುರುತಿಸಿದ್ದಾನೆ. ವಂಶವಾಹಿ ಎಂಬ ಮಾತೇ ಇಲ್ಲದ ಕಾಲದ ಈ ಗಮನ ಸರಿಯಾಗಿತ್ತು. ಎಕ್ಸ್ ವರ್ಣತಂತುವಿನಲ್ಲಿರುವ ಇಡಿಎ ಎಂಬ ವಂಶವಾಹಿಯ ದೋಷವೇ ಇದಕ್ಕೆ ಕಾರಣವೆಂಬುದು 1996ರಲ್ಲಿ ತಿಳಿದುಬಂತು.

ಇಲ್ಲಿ ಹಲ್ಲಿಗಿಂತ ಬೆವರಿನ ಕೊರತೆಯೇ ಜೀವಕ್ಕೆ ಎರವಾಗುವಂಥದು. ಬೆವರದ ಶಿಶುವಿನ ಮೈ ಕಾದು ಕಾರಣವಿಲ್ಲದ ಜ್ವರದಂತೆ ತೋರುತ್ತದೆ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇಂತಹ ಮಗುವನ್ನು ತಂಪಾಗಿಡುವುದೇ ಮೊದಲ ಚಿಕಿತ್ಸೆ. ಜ್ವರದ ಮೂಲ ಗೊತ್ತಾಗದೆ ಅಲೆಯುವ ಪೋಷಕರಿಗೆ ಒಂದು ವರ್ಷ ದಾಟಿದರೂ ಹಲ್ಲು ಬಂದಿಲ್ಲವೆಂಬುದು ಸುಳಿವಾಗಬಹುದು. ಅಂತಹ ಮಕ್ಕಳಿಗೆ ಮೂರು, ನಾಲ್ಕನೆಯ ವಯಸ್ಸಿನಲ್ಲಿಯೇ ಕೃತಕ ದಂತಪಂಕ್ತಿ ಕೂರಿಸುವುದುಂಟು. ದವಡೆ ಬೆಳೆದಂತೆ ಅದನ್ನು ಬದಲಿಸುತ್ತ ಹೋಗಬೇಕು. ಊಟ, ಉಚ್ಚಾರಣೆಗಳಲ್ಲದೆ ಶಾಲೆಯಲ್ಲಿ ಸಹಪಾಠಿಗಳ ನಡುವೆ ಬಾಯಿಬಿಟ್ಟು ನಗುವ ಧೈರ್ಯವೂ ಇದರಿಂದ ಬರುತ್ತದೆ. ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಗರ್ಭದಲ್ಲಿರುವಾಗಲೇ ಕೊರತೆಯ ಪ್ರೋಟೀನನ್ನು ಗರ್ಭಜಲಕ್ಕೆ ಸೇರಿಸಿ ಮೂವರು ಗಂಡುಮಕ್ಕಳಿಗೆ ಬೆವರುವ ಶಕ್ತಿ ಬರುವಂತೆ ಮಾಡಿದ್ದನ್ನು 2018ರಲ್ಲಿ ವರದಿ ಮಾಡಿದ್ದಾರೆ. ಹಲ್ಲು ಮೂಡುವುದನ್ನು ತಡೆಯುವ ಪ್ರೋಟೀನನ್ನು ಅಡಗಿಸುವ ಔಷಧಿಯೊಂದರ ಪ್ರಯೋಗ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2024ರಲ್ಲಿ ಮೊದಲಿಗೆ ವಯಸ್ಕರ ಮೇಲೆ ಆರಂಭವಾಯಿತು. ಹುಟ್ಟಿನಿಂದಲೇ ಹಲವು ಹಲ್ಲುಗಳಿಲ್ಲದ ಮಕ್ಕಳೇ ಅದರ ಮುಂದಿನ ಗುರಿ.

ಕೂಡಿದ ಹಲ್ಲು, ಕೊಂಬಿನ ಹಲ್ಲು

ಎರಡು ಹಲ್ಲುಗಳು ಅಂಟಿಕೊಂಡಂತೆ ಕಾಣುವ ಅಗಲವಾದ ಹಲ್ಲು ಮುಂಭಾಗದ ಹಾಲುಹಲ್ಲುಗಳಲ್ಲಿ ಆಗಾಗ ಕಾಣುತ್ತದೆ. ಇದು ಎರಡು ಮೊಗ್ಗುಗಳು ಕೂಡಿದ್ದೋ, ಒಂದೇ ಮೊಗ್ಗು ಒಡೆಯಲು ಯತ್ನಿಸಿದ್ದೋ ಎಂದು ತಿಳಿಯಲು ಅಗಲವಾದ ಹಲ್ಲನ್ನು ಒಂದೆಂದು ಹಿಡಿದು ಎಣಿಸಿದರೆ ಸಾಮಾನ್ಯವಾಗಿ ಸಾಕು. ಒಂದು ಕಡಿಮೆಯಾದರೆ ಕೂಡಿದ್ದು, ಲೆಕ್ಕ ಸರಿಯಿದ್ದರೆ ಒಡೆದದ್ದು. ಹಾಲುಹಲ್ಲುಗಳು ಕೂಡಿದ್ದ ಕಡೆ ಕೆಳಗಿನ ಶಾಶ್ವತ ಹಲ್ಲೊಂದು ಇಲ್ಲದಿರುವ ಸಾಧ್ಯತೆ ಹೆಚ್ಚೆಂಬುದರಿಂದ ಈ ಎಣಿಕೆಗೆ ಬೆಲೆಯಿದೆ.

ಬಾಚಿಹಲ್ಲಿನ ಹಿಂಬದಿಯಲ್ಲಿ ಹದ್ದಿನ ಉಗುರಿನಂತೆ ಮೂಡುವ ಮುಳ್ಳನ್ನು ಟ್ಯಾಲನ್ ಕಸ್ಪ್ ಎನ್ನುತ್ತಾರೆ. ಅದನ್ನು ಒಮ್ಮೆಲೇ ಕತ್ತರಿಸಿದರೆ ಒಳಗಿನ ತಿರುಳು ತೆರೆದುಕೊಳ್ಳಬಹುದು, ಆದ್ದರಿಂದ ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಲಾಗುತ್ತದೆ. ಇದಕ್ಕಿಂತ ಮೋಸಗೊಳಿಸುವುದು ಮುಂದವಡೆ ಹಲ್ಲಿನ ನಡುವೆ ಮೂಡುವ ಅಕ್ಕಿಕಾಳಿನಂತಹ ಗುಬ್ಬಿ. ಹಲ್ಲು ಬಂದ ಕೆಲವೇ ತಿಂಗಳಲ್ಲಿ ಅದು ಅಗಿಯುವಾಗ ಮುರಿಯುತ್ತದೆ, ತಿರುಳಿಗೆ ಸೋಂಕು ತಗಲುತ್ತದೆ. ಹುಳುಕಿನ ಲವಲೇಶವೂ ಇಲ್ಲದ ಹಲ್ಲಿನ ಬುಡದಲ್ಲಿ ಹನ್ನೊಂದು, ಹನ್ನೆರಡರ ಮಗುವಿಗೆ ಕೀವಾಗುವುದು ಹೀಗೆ. ಹಾಗೆಯೇ ಮೇಲಿನ ಪಕ್ಕದ ಬಾಚಿಹಲ್ಲಿನಲ್ಲಿ ದಂತಕವಚ ಒಳಮುಖವಾಗಿ ಮಡಚಿ 'ಹಲ್ಲಿನೊಳಗೊಂದು ಹಲ್ಲು' ಇರುವಂತೆ ಕ್ಷ-ಕಿರಣ ಚಿತ್ರದಲ್ಲಿ ತೋರುವುದುಂಟು. ಆ ಹಲ್ಲಿನ ಹಿಂಬದಿಯ ಸೂಜಿಮೊನೆಯಷ್ಟು ಕುಳಿಯನ್ನು ಬೇಗನೆ ಮುಚ್ಚಿಸಿದರೆ ಹಲ್ಲು ಉಳಿದೀತು.

ಬಣ್ಣಗೆಟ್ಟ ಹಲ್ಲಿಗೆಲ್ಲ ಹುಳುಕು ಕಾರಣವಲ್ಲ

ಕರ್ನಾಟಕದಲ್ಲಿ ಮಕ್ಕಳ ಕಂದು ಹಲ್ಲಿನ ಮಾತು ಬಂದೊಡನೆ ಪಾವಗಡ, ಮುಂಡರಗಿ, ಕೋಲಾರ ಸೀಮೆಯ ಕೊಳವೆಬಾವಿಗಳು ನೆನಪಾಗುವುದು ಸಹಜ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ. ಫ್ಲೋರೈಡ್ ಹಲ್ಲನ್ನು ಕೆಡಿಸುವುದು ದಂತಕವಚ ಕಟ್ಟುವ ಸುಮಾರು ಎಂಟು ವರ್ಷದೊಳಗೆ ಮಾತ್ರ. ಆದುದರಿಂದ ಶುದ್ಧ ನೀರು ಮೊದಲು ಸೇರಬೇಕಾದದ್ದು ಅಂಗನವಾಡಿಗೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಆದರೆ ಫ್ಲೋರೈಡ್ ಇಲ್ಲದ ಊರಿನ ಮಕ್ಕಳಲ್ಲಿಯೂ ಸುಣ್ಣದಂತೆ ಬೆಳ್ಳಗೆ, ಹಳದಿ ಇಲ್ಲವೇ ಕಂದಾಗಿ, ಮುಟ್ಟಿದರೆ ಪುಡಿಯಾಗುವ ದವಡೆಹಲ್ಲುಗಳು ಕಾಣಸಿಗುತ್ತವೆ. ಮೊದಲ ಶಾಶ್ವತ ದವಡೆಹಲ್ಲು ಮತ್ತು ಬಾಚಿಹಲ್ಲುಗಳಿಗೆ ಸೀಮಿತವಾದ ಈ ದೋಷಕ್ಕೆ 2001ರಲ್ಲಿ ಎಂಐಎಚ್ ಎಂಬ ಹೆಸರು ಬಂತು. ಜಗತ್ತಿನಾದ್ಯಂತ ಏಳೆಂಟು ಮಕ್ಕಳಲ್ಲಿ ಒಬ್ಬರಿಗೆ ಇದು ಇದೆಯೆಂಬ ಅಂದಾಜಿದೆ. ಮಗುವಿನ ಮೊದಲ ಮೂರು ವರ್ಷಗಳ ಕಾಯಿಲೆಗಳೊಂದಿಗೆ ಇದರ ನಂಟು ಕಂಡುಬಂದಿದ್ದರೂ ಒಂದೇ ಕಾರಣ ಸಿದ್ಧವಾಗಿಲ್ಲ. ತಣ್ಣೀರು ತಾಗಿದರೂ ಮಗು ಚೀರುತ್ತದೆ, ಬ್ರಷ್ ಮಾಡಲು ಒಲ್ಲೆನ್ನುತ್ತದೆ. ಇದನ್ನು ಸೋಮಾರಿತನವೆಂದು ಗದರಿಸುವ ಮನೆಗಳೇ ಹೆಚ್ಚು.

ಇಲ್ಲಿ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ. ಆರನೆಯ ವಯಸ್ಸಿನ ದವಡೆಹಲ್ಲು ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಬಹಳಷ್ಟು ಪೋಷಕರು ಅದನ್ನೂ ಹಾಲುಹಲ್ಲೆಂದೇ ತಿಳಿದು 'ಹೇಗೂ ಬಿದ್ದು ಹೊಸದು ಬರುತ್ತದೆ' ಎಂದು ಬಿಟ್ಟುಬಿಡುತ್ತಾರೆ. ಹೊಸದು ಬರುವುದಿಲ್ಲ. ಜೀವನವಿಡೀ ಅಗಿಯಬೇಕಾದ ಹಲ್ಲು ಎಂಟು, ಒಂಬತ್ತನೆಯ ವಯಸ್ಸಿಗೆ ಕೈತಪ್ಪುತ್ತದೆ. ಬೇಗ ಬಂದ ಮಗುವಿಗೆ ಫ್ಲೋರೈಡ್ ಲೇಪನ, ಗುಂಡಿ ಮುಚ್ಚುವಿಕೆ, ಸಿದ್ಧ ಲೋಹದ ಕವಚ ಇವುಗಳಿಂದ ಅದೇ ಹಲ್ಲನ್ನು ಉಳಿಸಿಕೊಳ್ಳಬಹುದು. ಕೊರತೆಯಿರುವ ಕಡೆ ಫ್ಲೋರೈಡ್ ಔಷಧಿ, ನೀರಿನಲ್ಲಿ ಹೆಚ್ಚಿರುವ ಕಡೆ ಅದೇ ಹಾನಿಕರ. ಆದುದರಿಂದ ಊರಿನ ನೀರಿನ ವಿವರ ವೈದ್ಯರಿಗೆ ತಿಳಿಸುವುದು ಅವಶ್ಯ.

ಹಾಲುಹಲ್ಲು, ಶಾಶ್ವತ ಹಲ್ಲು ಎಂಬ ಭೇದವಿಲ್ಲದೆ ಎಲ್ಲವೂ ಕೆಟ್ಟಿದ್ದು, ಮನೆಯಲ್ಲಿ ಇನ್ನೂ ಒಬ್ಬರಿಗೆ ಹಾಗೆಯೇ ಇದ್ದರೆ ಅದು ದಂತಕವಚದ ಆನುವಂಶಿಕ ದೋಷವಿರಬಹುದು. ಹಲ್ಲುಗಳು ಬೂದು, ನೀಲಿಮಿಶ್ರಿತವಾಗಿ ಪಾರದರ್ಶಕವಾಗಿದ್ದು ಮಗುವಿನ ಮೂಳೆಗಳೂ ಪದೇ ಪದೇ ಮುರಿಯುತ್ತಿದ್ದರೆ ಮೂಳೆಯ ಕಾಯಿಲೆಯ ತಪಾಸಣೆಯೂ ಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯನ್ನು ಸಾಮಾನ್ಯವಾಗಿ ಕೊಡದಿರುವುದು ಶಾಶ್ವತ ಹಲ್ಲುಗಳಿಗೆ ಕಲೆಯಾಗುವ ಭಯದಿಂದಲೇ.

ಮಾಡಿನ ಮೇಲೆ ಎಸೆಯುವ ಮುನ್ನ

ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮಾಡಿನ ಮೇಲೆ ಎಸೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹಳ ಹಿಂದಿನದು. ಆರೇಳು ವರ್ಷದ ಮಗುವಿನದಾದರೆ ಎಸೆಯಲಿ. ಆದರೆ ಐದು ವರ್ಷ ತುಂಬುವ ಮೊದಲೇ, ಪೆಟ್ಟು ಬೀಳದೆ, ವಸಡು ಕೆಡದೆ ಹಲ್ಲು ಬಿದ್ದು ಅದರ ಬೇರು ಪೂರ್ತಿಯಾಗಿ ಉಳಿದಿದ್ದರೆ ಆ ಹಲ್ಲನ್ನು ಕಾಗದದಲ್ಲಿ ಸುತ್ತಿ ವೈದ್ಯರ ಬಳಿಗೆ ಒಯ್ಯಬೇಕು. ಸಹಜವಾಗಿ ಬೀಳುವ ಹಾಲುಹಲ್ಲಿನ ಬೇರು ಕರಗಿಹೋಗಿರುತ್ತದೆ. ಬೇರುಸಹಿತ ಬೀಳುವುದು ಹೈಪೋಫಾಸ್ಫಟೇಸಿಯಾ ಎಂಬ ವಿರಳ ಕಾಯಿಲೆಯ ಮೊದಲ ಕುರುಹಾಗಿರಬಹುದು. ಮೂಳೆಗೆ ಖನಿಜ ಸೇರದಂತೆ ಮಾಡುವ ಈ ಕಾಯಿಲೆಯನ್ನು ಶಂಕಿಸಲು ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಪ್ರಮಾಣದ ಸಾಮಾನ್ಯ ಪರೀಕ್ಷೆಯೇ ಸಾಕು. ಅದರ ಪ್ರಮಾಣ ವಯಸ್ಸಿಗೆ ತಕ್ಕಷ್ಟಿಲ್ಲದೆ ಕಡಿಮೆಯಿದ್ದರೆ ಮುಂದಿನ ತಪಾಸಣೆ ನಡೆಯುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಬಾರಿ ಪರೀಕ್ಷಿಸಬೇಕೆಂಬ ನಿಯಮವಿದೆ. ಅಲ್ಲಿ ಹಲ್ಲಿನ ಪರೀಕ್ಷೆ ಮುಖ್ಯವಾಗಿ ಹುಳುಕಿಗೆ ಸೀಮಿತ. ಬಾರದ ಹಲ್ಲನ್ನು ಎಣಿಸುವವರು ಮನೆಯವರೇ ಆಗಬೇಕು. ಎರಡೂವರೆಯಿಂದ ಮೂರು ವರ್ಷಕ್ಕೆ ಇಪ್ಪತ್ತು ಹಾಲುಹಲ್ಲುಗಳು, ಆರು ತುಂಬಿದ ಮೇಲೆ ಸಾಲಿನ ಹಿಂದೆ ನಾಲ್ಕು ಹೊಸ ದವಡೆಹಲ್ಲುಗಳು, ಒಂಬತ್ತರೊಳಗೆ ಮುಂಭಾಗದಲ್ಲಿ ಎಂಟು ಶಾಶ್ವತ ಬಾಚಿಹಲ್ಲುಗಳು ಸಾಮಾನ್ಯವಾಗಿ ಇರುತ್ತವೆ. ಲೆಕ್ಕ ತಪ್ಪಿದಲ್ಲಿ ಬೆಂಗಳೂರಿನ ಸರಕಾರಿ ದಂತವೈದ್ಯಕೀಯ ಕಾಲೇಜೂ ಸೇರಿದಂತೆ ರಾಜ್ಯದ ದಂತವೈದ್ಯ ಕಾಲೇಜುಗಳ ಮಕ್ಕಳ ವಿಭಾಗವನ್ನು ಕಾಣಬಹುದು. ಹೋಗುವಾಗ ಮಗುವಿನ ತಾಯಿ ಕಾರ್ಡ್, ಮೊದಲ ಮೂರು ವರ್ಷಗಳಲ್ಲಿ ಕೊಟ್ಟ ಔಷಧಿಗಳ ಚೀಟಿ, ಹಿಂದೆ ತೆಗೆಸಿದ ಕ್ಷ-ಕಿರಣ ಚಿತ್ರಗಳಿದ್ದರೆ ಅವುಗಳನ್ನು ಜೊತೆಗೊಯ್ಯಬೇಕು. ತಂದೆ, ತಾಯಿ, ಸೋದರಮಾವಂದಿರಲ್ಲಿ ಯಾರಿಗಾದರೂ ಹಲ್ಲು ಕಡಿಮೆ ಅಥವಾ ಹೆಚ್ಚು ಇದ್ದುದು ತಿಳಿದಿದ್ದರೆ ಅದನ್ನೂ ಹೇಳಬೇಕು.